ಪಕ್ಕದ ಕ್ರೇಟು

ಫುಟ್‌ಬಾಲ್ ಪಂದ್ಯದಲ್ಲಿ ಎಲ್ಲರೂ ಚೆಂಡು ನೋಡುತ್ತಾರೆ. ರೆಫರಿಗೆ ಅಂಕ ಕೊಡುವ ನಾನು ರೆಫರಿಯನ್ನು ಬಿಟ್ಟು ಬೇರೇನೂ ನೋಡುವ ಹಾಗಿಲ್ಲ. ಆಗ ಪಕ್ಕದಲ್ಲಿ ಕೂತು ಯಾರಾದರೂ ಬಾಯಿ ಹಾಕಿದರೆ ಮೈ ಉರಿಯುತ್ತದೆ. ಅದಕ್ಕೇ ಮುಳಬಾಗಿಲಿನ ಮೈದಾನದಲ್ಲಿ ಎರಡು ಟೊಮ್ಯಾಟೊ ಕ್ರೇಟು ಬೋರಲು ಹಾಕಿಸಿ, ಒಂದರ ಮೇಲೆ ಕೂತು, ಇನ್ನೊಂದರ ಮೇಲೆ ಯಾರೂ ಕೂರದ ಹಾಗೆ ಚೀಲವಿಟ್ಟೆ.

ಅವತ್ತಿನ ರೆಫರಿ ಹೊಸಬ. ಚೆಂಡಿಗೆ ಬೆನ್ನು ಹಾಕಿ, ನನ್ನ ಕಡೆ ನೋಡುತ್ತಲೇ ವಿಸಿಲ್ ಊದುತ್ತಿದ್ದ. ಆದರೂ ಅವನ ಒಂದು ತೀರ್ಪೂ ತಪ್ಪಾಗಲಿಲ್ಲ.

ಪಂದ್ಯ ಮುಗಿದ ಮೇಲೆ ಗದರಿದೆ: "ಆಟ ಬಿಟ್ಟು ನನ್ನ ಮುಖ ಯಾಕ್ರೀ ನೋಡ್ತಿದ್ರಿ?"

"ನಿಮ್ಮನ್ನಲ್ಲ ಸಾರ್. ನಿಮ್ಮ ಪಕ್ಕ ಕೂತಿದ್ರಲ್ಲ ಯಜಮಾನ್ರು, ಅವರು ಕೈ ಎತ್ತಿದಾಗೆಲ್ಲ ಊದಿದೆ. ಅವರೇ ದೊಡ್ಡ ಸಾಹೇಬ್ರು ಅಂದ್ಕೊಂಡೆ."

ತಿರುಗಿ ನೋಡಿದೆ. ಪಕ್ಕದ ಕ್ರೇಟು ಖಾಲಿ. ಅದರ ಮೇಲಿದ್ದ ನನ್ನ ಚೀಲವನ್ನು ಯಾರೋ ಜೋಪಾನವಾಗಿ ಕೆಳಗಿಟ್ಟಿದ್ದರು.