ಸೆರಗು ಸರಿದರೆ ತೆರೆಯುವ ಗೇಟು

ಕಳೆದ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ, ವಡೋದರಾದ ಮಂಜಲ್‌ಪುರದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಹೊಸ ಗೇಟು ಮೂರನೇ ಮಹಡಿಯ ಮನೆಯ ಸೊಸೆಯನ್ನು ಒಳಗೆ ಬಿಡಲಿಲ್ಲ. ಕ್ಯಾಮೆರಾದಲ್ಲಿ ಮುಖ ಗುರುತಿಸಿ ತೆರೆಯುವ ಗೇಟು ಅದು. ಅವಳ ಮುಖದ ಮೇಲೆ ಸೆರಗಿತ್ತು, ಏಕೆಂದರೆ ಗೇಟಿನ ಒಳಗೆ ಅವಳ ಮಾವ ಕುಳಿತಿದ್ದರು. ಮಾವನ ಎದುರು ಮುಖ ತೋರಿಸುವ ರೂಢಿ ಆ ಮನೆಯಲ್ಲಿಲ್ಲ. ಅವಳು ಡಾಕ್ಟರ ಬಳಿಯಿಂದ ಬಂದಿದ್ದಳು. ಕಂಕುಳಲ್ಲಿದ್ದ ಜ್ವರದ ಮಗು ಬಿಸಿಲಿಗೆ ಒಂದೇ ಸಮನೆ ಅಳುತ್ತಿತ್ತು.

ನಾನು ಒಳಗಿನಿಂದ ಗುಂಡಿ ಒತ್ತಲು ಹೋದೆ. ಅಪಾರ್ಟ್‌ಮೆಂಟ್ ಸೊಸೈಟಿಯ ಅಧ್ಯಕ್ಷರೂ ಆಗಿರುವ ಅವಳ ಮಾವ ಕೈ ಅಡ್ಡ ಹಿಡಿದರು.

“ನಹೀ ಬೆಹೆನ್, ರೂಲ್ ಅಂದ್ರೆ ರೂಲ್. ಯಾರೇ ಆಗ್ಲಿ, ಮುಖ ತೋರಿಸಿಯೇ ಬರ್ಬೇಕು.”

“ಹಾಗಾದ್ರೆ ಕಾಕಾ, ನೀವು ಆ ಕಡೆ ತಿರುಗಿ.”

“ನಾನೇ ಹಾಕಿಸಿದ ಗೇಟಿಗೆ ನಾನೇ ಬೆನ್ನು ಹಾಕ್ಬೇಕಾ?” ಎಂದು ಗೊಣಗುತ್ತಲೇ ಎದ್ದು ಗೋಡೆಗೆ ಮುಖ ಮಾಡಿದರು. ಸೆರಗು ಸರಿಯಿತು, ಗೇಟು ತೆರೆಯಿತು, ಸೆರಗು ಮತ್ತೆ ಇಳಿಯಿತು.

ನಿಯಮ ಇನ್ನೂ ಬದಲಾಗಿಲ್ಲ. ಈಗ ಸೊಸೆ ರಸ್ತೆಯ ತಿರುವಿನಿಂದಲೇ ಮಾವನಿಗೆ ಮಿಸ್ಡ್ ಕಾಲ್ ಕೊಡುತ್ತಾಳೆ. ಅಧ್ಯಕ್ಷರು ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಾರೆ.