ರೈಟರ್ ತಂದ ‘ಲೈನ್’ ಸುದ್ದಿ

“ಸಾಹುಕಾರ್ರು ನಿಮ್ಗೆ ಲೈನ್ ಕೊಡ್ಸು ಅಂದವ್ರೆ ಟೀಚ್ರೇ. ಸೋಮವಾರ ಜನ ಕಳಿಸ್ತೀನಿ.” ಬೈಕಿನಿಂದ ಇಳಿಯದೆ ಇಷ್ಟು ಹೇಳಿ ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರ್ ಹೊರಟೇಬಿಟ್ಟರು.

ಹೆಗ್ಗದ್ದೆಯ ನಮ್ಮ ಬಾಡಿಗೆ ಮನೆಯ ಮಾಲೀಕರು, ಅಂದರೆ ಎಸ್ಟೇಟಿನ ಈ ಸಾಹುಕಾರರು, ಇದ್ದದ್ದು ಹಾಸನದಲ್ಲಿ. ಅವರಿಗೂ ನಮಗೂ ಮಾತೆಲ್ಲ ರೈಟರ್ ಮೂಲಕವೇ. ಹಿಂದಿನ ವಾರವಷ್ಟೇ ಬಚ್ಚಲಿನ ಬಾಗಿಲು ಮುರಿದಿದೆಯೆಂದು ಹೇಳಿಕಳಿಸಿದ್ದೆ. ಅದಕ್ಕೇ ಸಿಟ್ಟಾಗಿ ನಮ್ಮನ್ನು ಲೈನಿಗೆ, ಅಂದರೆ ತೋಟದ ಆಳುಗಳ ಒಂದೇ ಕೋಣೆಯ ಸಾಲುಮನೆಗೆ, ಹಾಕುತ್ತಿದ್ದಾರೆ! ಮಂಡಿನೋವಿನ ಅಮ್ಮ ಅಲ್ಲಿ ಹೇಗಿರುತ್ತಾಳೆ? ಭಾನುವಾರವಿಡೀ ಅನ್ನ ಸೇರಲಿಲ್ಲ. ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದೆ.

ಸೋಮವಾರ ರೈಟರ್ ಹಿಂದೆ ತಂತಿಯ ಸುರುಳಿ ಹೊತ್ತ ಇಬ್ಬರು ಬಂದರು. ಊರಿಗೆ ಆಗಷ್ಟೇ ಫೋನ್ ಬರುತ್ತಿದ್ದ ಕಾಲ. ಬಾಗಿಲಲ್ಲಿದ್ದ ಗೋಣಿಚೀಲ ನೋಡಿ ರೈಟರ್ ಕಂಗಾಲಾದರು. “ಅಯ್ಯೋ, ಇದ್ಯಾಕ್ರೀ ಗಂಟುಮೂಟೆ? ಫೋನ್ ಲೈನ್ ಕಣ್ರೀ! ಏನಿದ್ರೂ ಇನ್ಮೇಲೆ ಟೀಚ್ರು ಫೋನ್ ಮಾಡಿ ನನ್‌ಹತ್ರಾನೇ ಹೇಳ್ಲಿ ಅಂದ್ರು ಸಾಹುಕಾರ್ರು.”

ಸಂಜೆ ಆ ಫೋನ್ ಮೊದಲ ಸಲ ರಿಂಗಾಯಿತು. ಮನೆ ಹೇಗಿದೆಯೆಂದು ಮಾಲೀಕರು ಕೇಳಿದರು. ಅವರ ದನಿ ಕೇಳಿದ್ದೇ ಎದ್ದು ನಿಂತು, “ಚೆನ್ನಾಗಿದೆ ಸಾರ್” ಎಂದುಬಿಟ್ಟೆ. ಮುರಿದ ಬಾಗಿಲಿನ ಮಾತನ್ನು ಮರುದಿನ ಮತ್ತೆ ರೈಟರ್ ಕೈಲೇ ಹೇಳಿಕಳಿಸಿದೆ.