ಮಾಮಾನ ಬ್ಯಾಗು ತೂಗಿದ ದಿನ

ಪುಣೆಯ ವಿಮಾನ ನಿಲ್ದಾಣದಲ್ಲಿ ನಾನು ಬೋರ್ಡಿಂಗ್ ಗೇಟಿನ ಹತ್ತಿರ ನಿಂತು ಜನರ ಬ್ಯಾಗು ತೂಗುತ್ತಿದ್ದ ಕಾಲವದು. ಒಳಗೆ ಕೈಯಲ್ಲಿ ಒಯ್ಯುವುದಕ್ಕೆ ಒಬ್ಬರಿಗೆ ಒಂದೇ ಬ್ಯಾಗು, ಅದೂ ಏಳು ಕಿಲೋ. ಗೇಟಿನ ಒಂದು ಪಕ್ಕದಲ್ಲಿ ಕಬ್ಬಿಣದ ಚೌಕಟ್ಟು, ಬ್ಯಾಗು ಅದರೊಳಗೆ ಇಳಿಯಬೇಕು. ಇನ್ನೊಂದು ಪಕ್ಕದಲ್ಲಿ ತೂಕದ ಯಂತ್ರ, ಅದರ ಕೆಂಪು ಅಂಕಿ ಏಳನ್ನು ದಾಟಬಾರದು. ದಾಟಿದರೆ ಹಣ ಕಟ್ಟಬೇಕು, ಬ್ಯಾಗು ವಿಮಾನದ ಕೆಳಗಿನ ಸಾಮಾನಿನ ಜೊತೆ ಹೋಗಬೇಕು. ಟಿಕೆಟ್ಟಿನ ಮೇಲೆ ಇದನ್ನು ಬರೆದಿರುತ್ತಾರೆ, ಫೋನಿಗೂ ಸಂದೇಶ ಕಳಿಸಿರುತ್ತಾರೆ. ಆದರೂ ಗೇಟಿಗೆ ಬಂದವರು, ಈ ನಿಯಮವನ್ನು ನಾನೇ ಅವತ್ತು ಮನೆಯಲ್ಲಿ ಕೂತು ಅವರಿಗೋಸ್ಕರ ಹುಟ್ಟಿಸಿಕೊಂಡು ಬಂದೆನೇನೋ ಎನ್ನುವ ಹಾಗೆ ನೋಡುತ್ತಿದ್ದರು.

ಪ್ರಯಾಣಿಕರೆಂದರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮುಚ್ಚಿಡುವುದೇನಿದೆ? ಏಪ್ರಿಲ್ ತಿಂಗಳಲ್ಲಿ ಮೂರು ಜಾಕೆಟ್ ಒಂದರ ಮೇಲೊಂದು ತೊಟ್ಟು ಬೆವರು ಒರೆಸಿಕೊಳ್ಳುತ್ತ ಬರುತ್ತಿದ್ದರು. ಭಾರದ ಬ್ಯಾಗನ್ನು ಕಂಬದ ಮರೆಯಲ್ಲಿ ಗೆಳೆಯನ ಹತ್ತಿರ ಬಿಟ್ಟು, ಹಗುರದ್ದನ್ನು ಮಾತ್ರ ನನ್ನ ಮುಂದೆ ತೂಗಿಸುತ್ತಿದ್ದರು. ಸಿಕ್ಕಿಬಿದ್ದರೆ ನಾಚಿಕೆಯೇನೂ ಇಲ್ಲ, ಬೈಗುಳ. ಒಬ್ಬ ಬೋರ್ಡಿಂಗ್ ಪಾಸನ್ನು ನನ್ನ ಮುಖದ ಮೇಲೆ ಎಸೆದಿದ್ದ. ಇನ್ನೊಬ್ಬಳು, ನಿನ್ನ ತಿಂಗಳ ಪಗಾರ ನನ್ನ ಈ ಬ್ಯಾಗಿನ ಬೆಲೆಗೆ ಸಮ ಇಲ್ಲ ಎಂದಿದ್ದಳು. ಇತ್ತ ನಮ್ಮ ಮೇಲಧಿಕಾರಿಯೂ ಕಡಿಮೆಯವನಲ್ಲ. ಹೆಚ್ಚಿನ ತೂಕದ ವಸೂಲಿ ಕಡಿಮೆಯಾದ ದಿನ, 'ಗೇಟಿನಲ್ಲಿ ನಿಂತು ಏನು ಮಾಡುತ್ತಿದ್ದೆ?' ಎಂದು ಕೇಳುತ್ತಿದ್ದ. ತೂಗಲು ಹೋಗಿ ವಿಮಾನ ತಡವಾದರೆ, 'ಅಷ್ಟು ಬಿಗಿ ಮಾಡು ಅಂತ ಯಾರು ಹೇಳಿದರು?' ಎಂದು ಅದಕ್ಕೂ ನನ್ನನ್ನೇ ಹಿಡಿಯುತ್ತಿದ್ದ. ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು, ತುಟಿಗೆ ಬಣ್ಣ ಬಳಿದುಕೊಂಡು, ಎರಡೂ ಕಡೆಯವರಿಗೆ ನಗುತ್ತ ನಿಂತಿರುವುದೇ ನನ್ನ ಕೆಲಸವಾಗಿತ್ತು.

ನಮ್ಮ ಮನೆಯವರು ವಿಜಯಪುರದ ಕಡೆಯವರು. ನಾನು ಹುಟ್ಟುವ ಮೊದಲೇ ಅಪ್ಪ ಪುಣೆಗೆ ಬಂದು ಒಂದು ಪತಸಂಸ್ಥೆಯಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಗುಮಾಸ್ತನಾಗಿದ್ದ. ವಿಶ್ರಾಂತವಾಡಿಯ ನಮ್ಮ ಎರಡು ಕೋಣೆಯೊಳಗೆ ಕನ್ನಡ, ಮೆಟ್ಟಿಲು ಇಳಿದರೆ ಮರಾಠಿ. ಅಪ್ಪನ ತಾಯಿ ಬೇಗ ತೀರಿಹೋಗಿದ್ದಳಂತೆ; ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ, ಅಂದರೆ ನನ್ನ ಅತ್ತಿ. ಅತ್ತಿಯನ್ನು ಬಾರಾಮತಿಗೆ ಕೊಟ್ಟಿದ್ದರು. ಅತ್ತಿಯ ಗಂಡ, ನಮ್ಮ ಮಾಮಾ, ಅಲ್ಲಿ ನೀರೆತ್ತುವ ಮೋಟಾರು, ಪೈಪುಗಳ ದೊಡ್ಡ ಅಂಗಡಿ ಇಟ್ಟಿದ್ದ. ಸುತ್ತಲಿನ ಕಬ್ಬಿನ ಹೊಲದವರೆಲ್ಲ ಅವನ ಕಟ್ಟೆಗೆ ಬಂದು ಉದ್ರಿ ಕೇಳಬೇಕು. ಹೀಗಾಗಿ ಇಲ್ಲ ಎನ್ನುವ ಮಾತು ಅವನ ಕಿವಿಗೆ ಬಿದ್ದದ್ದು ಕಡಿಮೆ.

ಆ ಮಾಮಾ ತನ್ನ ಮಗನಿಗೆ ನನ್ನನ್ನು ಕೇಳಿದ್ದ. ಸೋದರಿಕೆಯ ಸಂಬಂಧ, ಅತ್ತಿಯ ಮನೆ, ಅಪ್ಪನಿಗೆ ಕುಣಿಯುವಷ್ಟು ಸಂತೋಷ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಾಮಾ, ಅತ್ತಿ, ಅವರ ಮಗ ಮೂವರೂ ಕೂತಿದ್ದರು. ಚಹಾ ಕುಡಿಯುತ್ತ ಮಾಮಾ, "ಆ ಏರ್‌ಪೋರ್ಟಿನ ಕೆಲಸಾ ಮಾತ್ರ ಬಿಡಬೇಕಾಗ್ತದ. ಮಂದಿ ಚೀಲಾ ತೂಗೂ ಕೆಲಸ ನಮ್ಮ ಮನಿ ಸೊಸಿಗ್ಯಾಕ ಬೇಕ್ರಿ?" ಎಂದ. ಮಗ ಫೋನಿನಿಂದ ತಲೆಯೆತ್ತದೆ ನಕ್ಕ. ಆ ನಗೆ ನೋಡಿ ನಾನು ಅಲ್ಲೇ, ಎಲ್ಲರ ಎದುರಿಗೆ, "ಮಾಮಾ, ನನಗ ಈ ಸಂಬಂಧ ಬ್ಯಾಡ್ರಿ" ಎಂದೆ. ಮಾಮಾ ಅರ್ಧ ಕುಡಿದ ಕಪ್ಪನ್ನು ಕೆಳಗಿಟ್ಟು ಎದ್ದು ಹೋದ. ಆಮೇಲೆ ಹಬ್ಬಕ್ಕೂ ಫೋನು ಬರಲಿಲ್ಲ.

ಎರಡು ವರ್ಷದ ನಂತರ, ಮದುವೆ ಹಂಗಾಮಿನ ಒಂದು ಮಧ್ಯಾಹ್ನ. ದಿಲ್ಲಿಗೆ ಹೋಗುವ ವಿಮಾನ, ಒಂದು ಸೀಟೂ ಖಾಲಿಯಿಲ್ಲ. ಗೇಟು ತೆರೆಯುವ ಮೊದಲೇ ನಾನು ಸಾಲಿನಲ್ಲಿ ಓಡಾಡಿ ಅನುಮಾನ ಬಂದ ಬ್ಯಾಗುಗಳನ್ನು ತೂಗಿಸುತ್ತಿದ್ದೆ. ಮುಂದೆ ಶಿರೂರಿನ ಕಡೆಯ ಒಬ್ಬ ಮರಾಠಿ ಹೆಂಗಸು ನಿಂತಿದ್ದಳು. ಮಗಳ ಬಾಣಂತನಕ್ಕೆ ಹೊರಟವಳು. ಬ್ಯಾಗಿನ ತುಂಬ ಅಂಟಿನುಂಡೆ, ಮೇಲೆ ಒಂದು ಕೌದಿ. ಹತ್ತು ಕಿಲೋ ದಾಟಿತು. ಕೌದಿಯನ್ನು ಹೊದ್ದುಕೊಂಡು ಹೋಗುತ್ತೇನೆ ಎಂದಳು. ಆಗುವುದಿಲ್ಲ ಎಂದೆ. ಅವಳು ಕಣ್ಣೊರೆಸಿಕೊಂಡು, ದಿಲ್ಲಿಯ ಅಳಿಯನಿಗೆ ಫೋನು ಮಾಡಿ ಹಣ ಹಾಕಿಸಿಕೊಂಡು, ಕಟ್ಟಿ, ಪಕ್ಕದ ಕುರ್ಚಿಯಲ್ಲಿ ಕೂತಳು. ನನ್ನ ಮೇಲಿನ ಕಣ್ಣು ಮಾತ್ರ ತೆಗೆಯಲಿಲ್ಲ.

ಗೇಟು ತೆರೆದು ಸಾಲು ಸರಿಯತೊಡಗಿದಾಗ ಹಿಂದಿನಿಂದ ಕನ್ನಡದ ದನಿ ಕೇಳಿತು. "ಅಲ್ಲೆ ನೋಡ್ರಿ, ನಮ್ಮ ಸೊಸಿನ ಅದಾಳ! ಸರೀರಿ, ಸರೀರಿ."

ನಮ್ಮ ಕಡೆ ಹೆಂಡತಿಯ ಅಣ್ಣತಮ್ಮಂದಿರ ಮಗಳಿಗೂ ಸೊಸಿ ಅನ್ನುತ್ತಾರೆ. ಆದರೆ ಮಾಮಾ ಆ ಶಬ್ದವನ್ನು ಒತ್ತಿ ಅಂದದ್ದು ಬೇರೆ ಕಾರಣಕ್ಕೆ ಎಂದು ನನಗೆ ಗೊತ್ತಾಯಿತು. ಜನರನ್ನು ಮೊಣಕೈಯಿಂದ ಸರಿಸುತ್ತ ಅವನು ಮುಂದೆ ಬಂದ. ಹಿಂದೆ ಮಗ, ಅವನ ಹಿಂದೆ ರೇಷ್ಮೆ ಸೀರೆಯಲ್ಲಿ ಅತ್ತಿ. ಮೂವರ ಕೈಯಲ್ಲೂ ಹೊಟ್ಟೆ ಉಬ್ಬಿದ ಟ್ರಾಲಿ ಬ್ಯಾಗು.

"ಏನವಾ, ಆರಾಮ?" ಎಂದು ಮಾಮಾ ಮಾತು ತೆಗೆದ. "ಇವನ ನಿಶ್ಚಯ ಅದ, ದಿಲ್ಲಿಯೊಳಗ. ಹುಡುಗಿ ಅಪ್ಪ ಭಾಳ ದೊಡ್ಡ ಆಫೀಸರು. ನಿಮ್ಮ ಮಂದಿ ಆಗಲೇ ಅಲ್ಲೆ ಉಡಿ ತುಂಬೂ ಕೊಬ್ಬರಿ ಕಸಗೊಂಡಾರ. ಬೆಂಕಿ ಹತ್ತತದಂತ! ಶುಭಕಾರ್ಯದ ಸಾಮಾನು. ನಡಿ, ನಮ್ಮನ್ನ ಒಳಗ ಬಿಡು."

ಕೊಬ್ಬರಿ ತೆಗೆದವರು ಭದ್ರತಾ ತಪಾಸಣೆಯವರು, ನಮ್ಮವರಲ್ಲ. ಅದನ್ನು ವಿವರಿಸುವ ಮನಸ್ಸು ನನಗಿರಲಿಲ್ಲ. "ಬ್ಯಾಗು ಮಷೀನಿನ ಮ್ಯಾಲ ಇಡ್ರಿ ಮಾಮಾ" ಎಂದೆ.

"ಯಾರಿಗೆ ಹೇಳ್ತಿ?"

"ಎಲ್ಲಾರಿಗೂ ಹೇಳೂದನ್ನ ಹೇಳೀನ್ರಿ."

ಕುರ್ಚಿಯಲ್ಲಿದ್ದ ಶಿರೂರಿನ ಹೆಂಗಸು ಎದ್ದು ನಿಂತಳು. ಕನ್ನಡ ತಿಳಿಯದಿದ್ದರೂ ನಡೆಯುತ್ತಿರುವುದೇನೆಂದು ಅವಳಿಗೆ ತಿಳಿದಿತ್ತು. "ಆತಾ ಬಘೂಯಾ" ಎಂದಳು, ಈಗ ನೋಡೋಣ ಎಂದು. ಅದು ನನಗೇ ಹೇಳಿದ ಮಾತು.

ಮಾಮಾ ಬ್ಯಾಗು ಇಡಲಿಲ್ಲ. ಫೋನು ತೆಗೆದು ಅಪ್ಪನಿಗೆ ಹಚ್ಚಿ, ಸ್ಪೀಕರು ಮಾಡಿ ನನ್ನ ಮೂಗಿನ ಮುಂದೆ ಹಿಡಿದ. ಅಪ್ಪನ ದನಿ ಅಷ್ಟು ಜನರ ನಡುವೆ ಸಣ್ಣಗೆ ಕೇಳಿತು. "ತಂಗಿ, ಒಂದ ಸಲಾ ಬಿಟ್ಟಬಿಡವಾ. ನಮ್ಮಕ್ಕ ಅದಾಳ ಜೋಡಿ."

"ಅಪ್ಪಾ, ನಾ ಡ್ಯೂಟಿ ಮ್ಯಾಲ ಅದೀನಿ. ಮನಿಗೆ ಬಂದು ಮಾತಾಡ್ತೀನಿ" ಎಂದು ನಾನೇ ಫೋನಿನ ಕೆಂಪು ಗುಂಡಿ ಒತ್ತಿದೆ.

ಮಾಮಾ ಫೋನನ್ನು ಕಿಸೆಗೆ ಹಾಕಿಕೊಂಡ. ಆದರೆ ಬಾಯಿ ತೆರೆದವನು ಮಗ. ಅವನು ಸಾಲಿನ ಕಡೆ ತಿರುಗಿ, ಎಲ್ಲರಿಗೂ ಅರ್ಥವಾಗಲೆಂದು ಮರಾಠಿಯಲ್ಲಿ ಹೇಳಿದ: ಇವಳಪ್ಪ ಇವಳನ್ನು ನನಗೆ ಕೊಡಬೇಕೆಂದು ಬೆನ್ನು ಹತ್ತಿದ್ದ, ನಾನು ಬೇಡ ಎಂದೆ, ಈಗ ನನ್ನ ನಿಶ್ಚಯಕ್ಕೆ ಹೊರಟಿದ್ದೇನೆಂದು ಹೊಟ್ಟೆಯುರಿಯಿಂದ ಹೀಗೆ ಮಾಡುತ್ತಿದ್ದಾಳೆ.

ಸಾಲಿನಲ್ಲಿ ಯಾರೋ ನಕ್ಕರು. ಪಕ್ಕದ ಕೌಂಟರಿನ ನನ್ನ ಜೊತೆಗಾರ್ತಿ ಪಾಸು ಸ್ಕ್ಯಾನು ಮಾಡುವುದನ್ನು ಬಿಟ್ಟು ನನ್ನ ಕಡೆ ನೋಡಿದಳು. ಮಗನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂದಿತ್ತು, ಆದರೆ ಮೈಮೇಲೆ ಕಂಪನಿಯ ಬಟ್ಟೆ. ನಾನು ಅತ್ತಿಯ ಕಡೆ ನೋಡಿದೆ. ಬೇಡ ಎಂದದ್ದು ಯಾರು ಎಂದು ಅವಳಿಗೆ ಗೊತ್ತಿತ್ತು. ನಾನು ಆ ಮಾತು ಆಡಿದಾಗ ಅವಳು ನಮ್ಮ ಮನೆಯಲ್ಲಿ ನನ್ನ ಎದುರಿಗೇ ಕೂತಿದ್ದಳು. ಒಂದು ಮಾತು ಸಾಕಿತ್ತು. ಅತ್ತಿ ಬ್ಯಾಗಿನ ಝಿಪ್ಪಿನ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತ ನಿಂತಳು.

"ಬ್ಯಾಗು ಮಷೀನಿನ ಮೇಲಿಡಿ ಸರ್" ಎಂದು ನಾನು ಮಗನಿಗೆ ಮರಾಠಿಯಲ್ಲೇ ಹೇಳಿದೆ. "ಇಡದಿದ್ದರೆ ನಿಮ್ಮನ್ನು ಬಿಟ್ಟು ವಿಮಾನ ಹೋಗುತ್ತದೆ."

ಇಟ್ಟರು. ಮಾಮಾನದು ಹನ್ನೆರಡು ಕಿಲೋ, ಒಳಗೆ ಬೆಳ್ಳಿಯ ತಟ್ಟೆ, ದೀಪದ ಸಮೆ. ಮಗನದು ಚೌಕಟ್ಟಿನಲ್ಲಿ ಅರ್ಧ ಇಳಿದು ಸಿಕ್ಕಿಕೊಂಡಿತು. ಅವನು ಅದನ್ನು ಒದ್ದು ಒದ್ದು ಕೆಳಗಿಳಿಸಲು ನೋಡಿದ, ಕೊನೆಗೆ ಅದನ್ನು ಎಳೆದು ತೆಗೆಯಲು ಇಬ್ಬರು ಬೇಕಾಯಿತು. ಅತ್ತಿಯದು ಎರಡು ಕಿಲೋ ಹೆಚ್ಚಿತ್ತು. ಗಂಡ, ಮಗನ ಬ್ಯಾಗಿಗೆ ನಾನು ಹಣದ ಚೀಟಿ ಹರಿಯುತ್ತಿರುವಾಗ, ಅತ್ತಿ ಅಲ್ಲೇ ನೆಲದ ಮೇಲೆ ಕೂತು ಬ್ಯಾಗು ತೆಗೆದಳು. ಸೀರೆಗಳನ್ನು ಆಚೆ ಸರಿಸಿ ಕೆಳಗಿನಿಂದ ಒಂದು ಸ್ಟೀಲಿನ ಡಬ್ಬಿ ಎತ್ತಿದಳು. ಎದ್ದು ನನ್ನ ಮುಂದೆ ಹಿಡಿದಳು.

"ಶೇಂಗಾ ಹೋಳಿಗಿ ಅವ. ಮನಿಗೆ ಒಯ್ಯಿ. ನಿಮ್ಮಪ್ಪಗ ಸೇರ್ತಾವ."

"ಪ್ಯಾಸೆಂಜರ್ ಕಡಿಂದ ಏನೂ ತಗೊಳಂಗಿಲ್ರಿ. ಆ ಡಸ್ಟ್‌ಬಿನ್ ಬಾಜೂಕ ಇಡ್ರಿ."

ಅದು ನಿಜವಾದ ನಿಯಮವೇ. ಆದರೆ ಅದನ್ನು ನಾನು ನಿಯಮಕ್ಕಾಗಿ ಹೇಳಲಿಲ್ಲ, ಅವಳಿಗೆ ನೋಯಲಿ ಎಂದೇ ಹೇಳಿದೆ. ಇವತ್ತು ಕೇಳಿದರೂ ಹಾಗೇ ಹೇಳುತ್ತೇನೆ.

ಅತ್ತಿ ಚಾಚಿದ ಕೈ ಇಳಿಸಲಿಲ್ಲ. "ಅತ್ತಿ ಏನವಾ ನಾ, ಪ್ಯಾಸೆಂಜರ್ ಏನು?"

"ಈಗ ತಾನ ನಿಮ್ಮ ಮಗಾ ಏನಂದಾ, ಕೇಳಿಸಲಿಲ್ಲೇನ್ರಿ ನಿಮಗ?" ಎಂದೆ.

ಅವಳು ಡಬ್ಬಿಯನ್ನು ಕಸದ ಡಬ್ಬದ ಪಕ್ಕದಲ್ಲಿಟ್ಟು, ಬ್ಯಾಗು ಮುಚ್ಚಿಕೊಂಡು, ನನ್ನ ಮುಖ ನೋಡದೆ ವಿಮಾನಕ್ಕೆ ಹೋಗುವ ಸೇತುವೆಯೊಳಗೆ ನಡೆದಳು. ಮಾಮಾ ಹೋಗುವಾಗ ನನ್ನ ಎದೆಯ ಮೇಲಿನ ಹೆಸರಿನ ಬಿಲ್ಲೆಯ ಫೋಟೋ ತೆಗೆದುಕೊಂಡ. ಶಿರೂರಿನ ಹೆಂಗಸೂ ಹತ್ತಿದಳು. ಅವಳಿಗೆ ನನ್ನ ಮೇಲಿನ ಸಿಟ್ಟು ಇಳಿದಿರಲಿಲ್ಲ, ನಾನೂ ಇಳಿಯಲಿ ಎಂದು ಬಯಸಿರಲಿಲ್ಲ.

ಸಂಜೆ ಮನೆಗೆ ಹೋದಾಗ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ದಿಲ್ಲಿಯಲ್ಲಿ ಇಳಿದೊಡನೆ ಮಾಮಾ ಫೋನು ಮಾಡಿ ಬಾಯಿಗೆ ಬಂದದ್ದು ಅಂದಿದ್ದನಂತೆ. "ನಮ್ಮ ಅಕ್ಕನ್ನ ನೆಲದ ಮ್ಯಾಲ ಕೂಡಿಸಿದೆಲ್ಲ" ಎಂದ ಅಪ್ಪ. ನಾನು ಕೂಡಿಸಲಿಲ್ಲ, ಅವಳೇ ಕೂತಳು ಎಂದೆ. ಅತ್ತಿಯ ಮಗ ಸಾಲಿನ ಮುಂದೆ ಏನು ಹೇಳಿದ ಎಂಬುದನ್ನೂ ಹೇಳಿದೆ. ಅಪ್ಪ ಕಿಟಕಿಯಿಂದ ತಿರುಗದೆ, "ಆದ್ರೂ…" ಎಂದ. ಆ ಆದರೂ ಕೇಳಿ ನಾನು ಕಿರುಚಿಬಿಟ್ಟೆ. ಆದರೂ ಏನು? ನಾಲ್ಕು ಜನರ ಎದುರಿಗೆ ನಿನ್ನ ಮಗಳ ಬಗ್ಗೆ ಸುಳ್ಳು ಹೇಳಿದರೂ ಆದರೂ?

ಅಡುಗೆ ಮನೆಯಿಂದ ಅವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಮಾಮಾನ ಎದುರಿಗೆ ಎಂದೂ ದನಿ ಎತ್ತದ ಹೆಂಗಸು. ಅಪ್ಪನ ಫೋನು ತೆಗೆದುಕೊಂಡು ಮಾಮಾನಿಗೆ ಹಚ್ಚಿದಳು.

"ಅಣ್ಣಾರ, ನಿಮ್ಮ ಮಗಾ ಒಲ್ಲೆ ಅಂದನಂತ? ನನ್ನ ಮಗಳು ಒಲ್ಲೆ ಅಂದಾಗ ಚಹಾದ ಕಪ್ಪು ಬಿಟ್ಟು ಎದ್ದು ಹೋದವರು ಯಾರ್ರಿ? ಆ ಹುಡುಗಿ ಮನಿಯಾಗ ಕೂತೀರಲ್ಲ, ಫೋನ್ ಅವರ ಕೈಯಾಗ ಕೊಡ್ರಿ, ಅವರಿಗೂ ನಾನ ಹೇಳ್ತೀನಿ."

ಆ ಕಡೆಯಿಂದ ಫೋನು ಕಟ್ಟಾಯಿತು. ಅವ್ವ ಒಲೆಯ ಮುಂದೆ ಹೋಗಿ ಅರ್ಧಕ್ಕೆ ಬಿಟ್ಟ ರೊಟ್ಟಿಯನ್ನು ಮತ್ತೆ ಬಡಿಯತೊಡಗಿದಳು. ಅಪ್ಪ ಅವತ್ತು ಊಟ ಮಾಡಲಿಲ್ಲ. ನಾವಿಬ್ಬರೂ ಮಾಡಿದೆವು.

ಮಾಮಾನ ದೂರು ಆ ವಾರವೇ ಕಂಪನಿಗೆ ಬಂತು: ವೈಯಕ್ತಿಕ ದ್ವೇಷದಿಂದ ಅವಮಾನ ಮಾಡಿದ್ದಾಳೆ ಎಂದು. ಮೇಲಧಿಕಾರಿ ನನ್ನನ್ನು ಕರೆದು, ಸಂಬಂಧಿಕರು ಬಂದಾಗ ಸರಿದು ನಿಂತು ಬೇರೆಯವರನ್ನು ಕರೆಯಬೇಕಿತ್ತು ಎಂದ. ಅಲ್ಲಿ ಬೇರೆ ಯಾರಿದ್ದರು ಎಂದು ಕೇಳಿದೆ. ಇದ್ದವರಿಬ್ಬರೇ, ಇನ್ನೊಬ್ಬಳು ಸ್ಕ್ಯಾನು ಮಾಡುತ್ತಿದ್ದಳು. ಜನ ಕಡಿಮೆ ಹಾಕುವವನೂ ಅವನೇ. ಅವನು ನನ್ನನ್ನು ಗೇಟಿನಿಂದ ತೆಗೆದು, ವಿಮಾನ ಬಂದರೂ ಬ್ಯಾಗು ಬಾರದವರು ಬಂದು ಜಗಳಾಡುವ ಕೌಂಟರಿಗೆ ಹಾಕಿದ. ಈಗಲೂ ಅಲ್ಲೇ ಇದ್ದೇನೆ. ಬೈಗುಳ ಅಲ್ಲಿ ಇನ್ನೂ ಜಾಸ್ತಿ.

ಮಾಮಾನ ಮಗನ ಮದುವೆ ಬಾರಾಮತಿಯಲ್ಲಿ ಆಯಿತು. ಆಮಂತ್ರಣ ಅಪ್ಪನೊಬ್ಬನ ಹೆಸರಿಗೆ ಬಂತು. ಹೋಗಬೇಡ ಎಂದು ಅವ್ವ ಹೇಳಿದಳು, ನಾನು ಹೇಳಲಿಲ್ಲ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅಕ್ಕನಿಗೆಂದು ಒಂದು ಸೀರೆ ಚೀಲದಲ್ಲಿಟ್ಟುಕೊಂಡು, ಬೆಳಿಗ್ಗೆಯ ಬಸ್ಸಿಗೆ ಹೋದ. ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದ. ಸೀರೆ ಚೀಲದಲ್ಲೇ ಇತ್ತು. ಕಾಲು ತೊಳೆದುಕೊಂಡು ಬಂದು, "ಅನ್ನಾ ಏನರೆ ಉಳದದ ಏನು?" ಎಂದು ಕೇಳಿದ.

ಅವ್ವ ತಾಟು ಇಟ್ಟಳು. ನಾನು ಅನ್ನ, ಸಾರು ಬಡಿಸಿದೆ. ಅಪ್ಪ ತಲೆ ತಗ್ಗಿಸಿ, ಇಡೀ ದಿನ ಉಪವಾಸವಿದ್ದವನಂತೆ, ಎರಡು ಸಲ ಕೇಳಿ ಹಾಕಿಸಿಕೊಂಡು ಉಂಡ.